ಕುತ್ತಿಗೆಗೆ ಪೆಟ್ಟು, ಕಣ್ಣಿಗೆ ಕುತ್ತು



ನಮ್ಮ ಕಾರಿಗೆ ಹಿಂದಿನಿಂದ ಇನ್ನೊಂದು ವಾಹನ ಗುದ್ದಿದರೆ ಮೈ ಸೀಟಿನೊಂದಿಗೆ ಮುಂದಕ್ಕೆ ಹೋಗುತ್ತದೆ. ತಲೆ ಕ್ಷಣಕಾಲ ಹಿಂದೆ ಉಳಿದು ಆಮೇಲೆ ಮುಂದಕ್ಕೆ ಎಗರುತ್ತದೆ. ಈ ಜಗ್ಗಾಟದಿಂದ ಕುತ್ತಿಗೆಗೆ ಆಗುವ ಪೆಟ್ಟನ್ನು ವೈದ್ಯರು ವಿಪ್‌ಲ್ಯಾಶ್ ಎನ್ನುತ್ತಾರೆ. ರಕ್ತ ಬಂದಿರುವುದಿಲ್ಲ, ಎಕ್ಸ್‌ರೇಯಲ್ಲಿ ಮೂಳೆಯೂ ಸರಿಯಾಗಿಯೇ ಕಾಣಬಹುದು. ಕೆಲವು ದಿನಗಳ ನಂತರ ಅಕ್ಷರ ಮಂಜಾದರೆ ನಾವು ನೇರ ಕನ್ನಡಕದ ಅಂಗಡಿಗೆ ಹೋಗುತ್ತೇವೆ. ಕುತ್ತಿಗೆಗೂ ಕಣ್ಣಿಗೂ ಇರುವ ನಂಟು ಹೊಳೆಯುವುದೇ ಇಲ್ಲ.

ಈ ನಂಟು ಮೂರು ಬಗೆಯದು.

1. ಸ್ನಾಯು: ತಲೆ ಎತ್ತ ತಿರುಗಿದೆ ಎಂಬುದನ್ನು ಕುತ್ತಿಗೆಯ ಸ್ನಾಯುಗಳೂ ಒಳಗಿವಿಯೂ ಮೆದುಳಿಗೆ ತಿಳಿಸುತ್ತವೆ. ಅದರಂತೆ ಮೆದುಳು ಕಣ್ಣಿನ ಚಲನೆಯನ್ನು ಹೊಂದಿಸುತ್ತದೆ. ಪೆಟ್ಟು ತಿಂದ ಸ್ನಾಯುವಿನ ಸೂಚನೆ ತಾಳೆಯಾಗದಿದ್ದರೆ ತಲೆಸುತ್ತು, ಮಂಜು, ಓದುವಾಗ ದಣಿವು ಕಾಣಿಸುತ್ತವೆ. ವೈದ್ಯರು ಹೇಳಿಕೊಡುವ ವ್ಯಾಯಾಮದಿಂದ ಸಾಮಾನ್ಯವಾಗಿ ಸುಧಾರಿಸುತ್ತದೆ.

2. ಹಿಂಬದಿಯ ರಕ್ತನಾಳ: ಕುತ್ತಿಗೆಯ 7 ಮೂಳೆಗಳ ಪೈಕಿ ಮೇಲಿನ 6ರ ರಂಧ್ರಗಳಲ್ಲಿ ಹಾದು ಎರಡು ರಕ್ತನಾಳಗಳು ಮೆದುಳಿಗೆ ಏರುತ್ತವೆ. ಕಂಡದ್ದನ್ನು ಗ್ರಹಿಸುವ ಭಾಗ ಇರುವುದು ಮೆದುಳಿನ ಹಿಂಬದಿಯಲ್ಲಿ. ಅದಕ್ಕೆ ರಕ್ತ ಮುಖ್ಯವಾಗಿ ಇವುಗಳಿಂದಲೇ. ನಾಳದ ಒಳಪದರ ಹರಿದು ರಕ್ತ ಹೆಪ್ಪುಗಟ್ಟಿದರೆ, ದಿನಗಳ ಬಳಿಕವೂ ಪಾರ್ಶ್ವವಾಯು ಬಡಿಯಬಹುದು. ಒಂದು ಎರಡಾಗಿ ಕಾಣುವುದು, ಒಂದು ಬದಿ ಕಾಣದಿರುವುದು ಇದರ ಲಕ್ಷಣ.

3. ಮುಂಬದಿಯ ರಕ್ತನಾಳ: ಇದರ ಗುಂಟ ಕಣ್ಣಿಗೆ ಹೋಗುವ ಸೂಕ್ಷ್ಮ ನರಗಳಿವೆ. ಇಲ್ಲಿ ಹರಿದರೆ ಅದೇ ಬದಿಯ ರೆಪ್ಪೆ ಜೋಲುತ್ತದೆ, ಕಣ್ಣಿನ ಪಾಪೆ ಚಿಕ್ಕದಾಗುತ್ತದೆ.

ಕೊನೆಯ ಎರಡು ಅಪರೂಪ, ಆದರೆ ತುರ್ತಿನವು. ಈ ಲಕ್ಷಣಗಳು, ಹಿಂದೆಂದೂ ಇಲ್ಲದ ಕುತ್ತಿಗೆನೋವು, ಮಾತಿನ ತೊದಲು ಕಂಡರೆ 112ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಅಪಘಾತದ ದಿನಾಂಕವನ್ನು ವೈದ್ಯರಿಗೆ ಮೊದಲೇ ಹೇಳಿ. ರಕ್ತನಾಳದ ಸ್ಕ್ಯಾನ್ ಬೇಕೇ ಎಂದು ಅವರು ನಿರ್ಧರಿಸಲು ಅದು ಮುಖ್ಯ. ಕ್ಷೌರದಂಗಡಿಯಲ್ಲಿ ಕುತ್ತಿಗೆ ನೆಟಿಕೆ ತೆಗೆಸುವುದು ಖಂಡಿತ ಬೇಡ. ಕಾರಿನಲ್ಲಿ ತಲೆಯಾಸರೆಯನ್ನು ನೆತ್ತಿಯ ಮಟ್ಟಕ್ಕೆ ಏರಿಸಿಕೊಳ್ಳಿ.

ಇನ್ನು ಖರ್ಚಿನ ಮಾತು. ಕೇಂದ್ರ ಸರ್ಕಾರದ 2025ರ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 1.5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ಅಪಘಾತದ ದಿನದಿಂದ 7 ದಿನ ಮಾತ್ರ. ಹತ್ತನೆಯ ದಿನ ಕಣ್ಣು ಮಂಜಾದವರ ಸ್ಕ್ಯಾನು, ಔಷಧಿ, ವ್ಯಾಯಾಮ ಚಿಕಿತ್ಸೆಯ ಬಿಲ್ಲು ಮನೆಯವರ ಮೇಲೆಯೇ ಬೀಳುತ್ತದೆ. ನಮ್ಮ ವೈದ್ಯಕೀಯ ನೆರವು ನಿಧಿಯ ಅಗತ್ಯ ಇರುವುದು ಇಂಥಲ್ಲಿಯೇ. ಶಕ್ತ್ಯಾನುಸಾರ ದೇಣಿಗೆ ನೀಡಿ. ನೆರವು ಬೇಕಾದವರು ಸಂಕೋಚವಿಲ್ಲದೆ ಸಂಘದ ಕಚೇರಿಗೆ ತಿಳಿಸಿ.