ಮೊಬೈಲ್ ಆ್ಯಪ್‌ಗಳಲ್ಲಿ ಕ್ಯಾಮೆರಾ ಲಭ್ಯತೆಯ ಪರಿಶೀಲನೆ: ವ್ಯಾಪಾರಸ್ಥರು ಅರಿಯಬೇಕಾದ ಅಂಶಗಳು

2020ರ ಮುಂಗಾರು ಹಂಗಾಮಿನಲ್ಲಿ ಕರ್ನಾಟಕ ಸರ್ಕಾರವು, ರೈತರು ತಮ್ಮ ಹೊಲದ ಬೆಳೆಯನ್ನು ಛಾಯಾಚಿತ್ರ ಸಹಿತ ತಾವೇ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಅನ್ನು ಜಾರಿಗೆ ತಂದಿತು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ ಹಾಗೂ ಬೆಳೆಹಾನಿ ಪರಿಹಾರಗಳಲ್ಲಿ ಸಮೀಕ್ಷೆಯ ಮಾಹಿತಿ ಬಳಕೆಯಾಗುತ್ತದೆ. ಧಾರವಾಡ ಜಿಲ್ಲೆಯ ಶಲವಡಿಯಂತಹ ಗ್ರಾಮದಲ್ಲಿ ಹೆಸರು ಕಟಾವಾದ ಮೇಲೆ ಚಿತ್ರ ತೆಗೆಯಲು ಹೊಲದಲ್ಲಿ ಬೆಳೆಯೇ ಇರುವುದಿಲ್ಲ. ಅದಕ್ಕೂ ಮೊದಲು ಇಂತಹ ಯಾವುದೇ ಆ್ಯಪ್‌ನಲ್ಲಿ ಕ್ಯಾಮೆರಾ ತೆರೆಯದಿದ್ದರೆ ರೈತನಿಗೆ ತೊಂದರೆ. ಅವನಿಗೆ ಉದ್ರಿ ಕೊಟ್ಟ ಗೊಬ್ಬರದ ವ್ಯಾಪಾರಿಯ ಬಾಕಿಗೂ ತೊಂದರೆ. ಆದುದರಿಂದ ಆ್ಯಪ್ ತಯಾರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ಈ ವಿಷಯವನ್ನು ತಿಳಿದಿರುವುದು ಅವಶ್ಯ.

ಮೂರು ಪ್ರತ್ಯೇಕ ಪ್ರಶ್ನೆಗಳು

ಬ್ಯಾಂಕ್ ಖಾತೆಯಲ್ಲಿ ಹಣವಿರುವುದು, ಅದನ್ನು ತೆಗೆಯುವ ಅಧಿಕಾರವಿರುವುದು, ಆ ಹೊತ್ತಿಗೆ ಹಣ ಕೈಗೆ ದೊರೆಯುವುದು ಇವು ಮೂರೂ ಬೇರೆ ಬೇರೆ. ಕ್ಯಾಮೆರಾ ವಿಷಯವೂ ಹಾಗೆಯೇ.

1. ಸಾಧನದಲ್ಲಿ ಕ್ಯಾಮೆರಾ ಇದೆಯೇ? ಆಂಡ್ರಾಯ್ಡ್‌ನಲ್ಲಿ ಇದನ್ನು ‘ಹ್ಯಾಸ್ ಸಿಸ್ಟಮ್ ಫೀಚರ್’ ಎಂಬ ಆದೇಶದಿಂದ ತಿಳಿಯಬಹುದು. ‘ಫೀಚರ್ ಕ್ಯಾಮೆರಾ’ ಎಂದು ಕೇಳಿದರೆ ಹಿಂಬದಿಯ ಕ್ಯಾಮೆರಾಕ್ಕೆ ಮಾತ್ರ ಉತ್ತರ ಬರುತ್ತದೆ. ಯಾವುದಾದರೂ ಒಂದು ಸಾಕಾದಲ್ಲಿ ‘ಫೀಚರ್ ಕ್ಯಾಮೆರಾ ಎನಿ’ ಎಂದು ಕೇಳಬೇಕು.

2. ಬಳಕೆದಾರನ ಅನುಮತಿ ಇದೆಯೇ? 2015ರ ಆಂಡ್ರಾಯ್ಡ್ 6ರಿಂದ ಈಚೆಗೆ ಆ್ಯಪ್ ನಡೆಯುವಾಗಲೇ ಅನುಮತಿ ಕೇಳಬೇಕಾಗಿದೆ. ಕೊಟ್ಟ ಅನುಮತಿಯನ್ನು ಮುಂದೆ ಹಿಂಪಡೆಯಲೂ ಅವಕಾಶವಿರುವುದರಿಂದ ಪ್ರತಿ ಬಾರಿಯೂ ಪರಿಶೀಲನೆ ಅಗತ್ಯ.

3. ಕ್ಯಾಮೆರಾ ಈಗ ಬಳಕೆಗೆ ಮುಕ್ತವಾಗಿದೆಯೇ? ವಿಡಿಯೋ ಕರೆಯಂತಹ ಬೇರೆ ಆ್ಯಪ್ ಅದನ್ನು ಹಿಡಿದಿರಬಹುದು. ಕಚೇರಿಯ ಫೋನ್ ಆದಲ್ಲಿ ಆಡಳಿತದ ನಿಯಮದಿಂದ ಸ್ಥಗಿತಗೊಂಡಿರಬಹುದು. 2021ರ ಆಂಡ್ರಾಯ್ಡ್ 12ರಿಂದ ಎಲ್ಲ ಆ್ಯಪ್‌ಗಳಿಗೂ ಕ್ಯಾಮೆರಾವನ್ನು ಒಮ್ಮೆಲೇ ನಿಲ್ಲಿಸುವ ಸ್ವಿಚ್ ಬಂದಿದೆ. ಆಗ ಆ್ಯಪ್‌ಗೆ ಅನುಮತಿ ಇದ್ದರೂ ಖಾಲಿ ದೃಶ್ಯ ಬರುತ್ತದೆ. ಆದ್ದರಿಂದ ತೆಗೆದ ಚಿತ್ರವನ್ನು ಬಳಕೆದಾರನಿಗೆ ತೋರಿಸಿದ ನಂತರವೇ ರವಾನಿಸಬೇಕು.

ಘೋಷಣೆಯಲ್ಲಿನ ದೋಷ

ಆ್ಯಪ್‌ನ ಘೋಷಣಾ ಕಡತದಲ್ಲಿ ಕ್ಯಾಮೆರಾ ಅನುಮತಿ ಕೋರಿದೊಡನೆ, ಕ್ಯಾಮೆರಾ ಕಡ್ಡಾಯವೆಂದು ಪ್ಲೇ ಸ್ಟೋರ್ ಭಾವಿಸುತ್ತದೆ ಮತ್ತು ಕ್ಯಾಮೆರಾ ಇಲ್ಲದ ಸಾಧನಗಳಿಗೆ ಆ್ಯಪ್ ಅನ್ನು ತೋರಿಸುವುದಿಲ್ಲ. ಬಾರ್‌ಕೋಡ್ ಓದಲು ಮಾತ್ರ ಕ್ಯಾಮೆರಾ ಬಳಸುವ ಬಿಲ್ಲಿಂಗ್ ಆ್ಯಪ್‌ನಲ್ಲಿ ‘ಕಡ್ಡಾಯವಲ್ಲ’ ಎಂದು ಸ್ಪಷ್ಟವಾಗಿ ನಮೂದಿಸಿ, ಸಂಖ್ಯೆಯನ್ನು ಕೈಯಿಂದ ತುಂಬುವ ಸೌಲಭ್ಯ ಒದಗಿಸಬೇಕು. ಛಾಯಾಚಿತ್ರವೇ ಆಧಾರವಾದ ಸಮೀಕ್ಷೆಯಲ್ಲಿ ಮಾತ್ರ ಕಡ್ಡಾಯವೆನ್ನುವುದು ಸರಿ.

ಒಪ್ಪಂದದಲ್ಲಿ ಇರಬೇಕಾದದ್ದು

ಆ್ಯಪ್ ತಯಾರಕರಿಗೆ ಕೊನೆಯ ಕಂತು ಪಾವತಿಸುವ ಮುನ್ನ ನಾಲ್ಕು ಸ್ಥಿತಿಗಳಲ್ಲಿ ಪರೀಕ್ಷೆ ನಡೆಯಬೇಕು: ಕ್ಯಾಮೆರಾ ಇಲ್ಲದಿರುವಾಗ, ಅನುಮತಿ ನಿರಾಕರಿಸಿದಾಗ, ಬೇರೆ ಆ್ಯಪ್ ಬಳಸುತ್ತಿರುವಾಗ ಹಾಗೂ ಸ್ವಿಚ್ ನಿಲ್ಲಿಸಿದಾಗ. ನಾಲ್ಕರಲ್ಲಿಯೂ ಕಾರಣವನ್ನು ಕನ್ನಡದಲ್ಲಿ ತಿಳಿಸಬೇಕು; ತುಂಬಿದ ವಿವರ ಅಳಿಯಬಾರದು. ಈ ಷರತ್ತುಗಳನ್ನು ಒಪ್ಪಂದದಲ್ಲಿಯೇ ಬರೆದಿಟ್ಟರೆ ಮುಂದೆ ವಿವಾದಕ್ಕೆ ಆಸ್ಪದ ಉಳಿಯದು.