ಎರಡನೆಯ ಬಳೆಯ ಕೆಳಗೆ

ಅರಸೀಕೆರೆ ಸೀಮೆಯ ಕಿವಿ-ಮೂಗು-ಗಂಟಲು ವೈದ್ಯನಿಗೆ ತೆಂಗಿನ ಮರದ ಜೊತೆ ನಂಟು ಬಂದೇ ಬರುತ್ತದೆ. ಕಾಯಿ ಕೀಳಲು ಹತ್ತಿದವರು ಬೀಳುತ್ತಾರೆ, ತಲೆ ಮೊದಲಾಗಿ ಬಿದ್ದವರ ಕುತ್ತಿಗೆಯ ಮೂಳೆ ಮುರಿಯುತ್ತದೆ. ಮೂಳೆಯವರು ತಮ್ಮ ಕೆಲಸ ಮುಗಿಸಿದ ಮೇಲೂ ರೋಗಿ ವೆಂಟಿಲೇಟರ್ ಬಿಡಲಾರದೆ ಮಲಗಿದ್ದಾಗ ಐಸಿಯುನಿಂದ ನನಗೆ ಫೋನ್ ಬರುತ್ತದೆ. ಬೆನ್ನುಹುರಿಗೆ ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದಾಗ ವಪೆ ಹೇಗೋ ಆಡುತ್ತಿರಬಹುದು, ಪಕ್ಕೆಲುಬಿನ ಸ್ನಾಯುಗಳು ಸೋತಿರುತ್ತವೆ. ಉಸಿರು ಒಳಗೆ ಹೋದರೂ ಕೆಮ್ಮಲು ಕಸುವಿರುವುದಿಲ್ಲ, ಕಫ ಎದೆಯಲ್ಲೇ ಕೂರುತ್ತದೆ. ಬಾಯಿಯಿಂದ ಇಳಿಸಿದ ಕೊಳವೆಯನ್ನು ವಾರ, ಹತ್ತು ದಿನಕ್ಕಿಂತ ಹೆಚ್ಚು ಇಡಬೇಕಾಗುವ ಹಾಗೆ ಕಂಡರೆ ಟ್ರೇಕಿಯಾಸ್ಟಮಿಯ, ಅಂದರೆ ಕುತ್ತಿಗೆಯಲ್ಲಿ ಶ್ವಾಸನಾಳ ತೆರೆದು ಕೊಳವೆ ಕೂರಿಸುವ ಮಾತು ಶುರು.

ನನ್ನ ಊರು ಜಾವಗಲ್. ಹೊರಗಿನವರಿಗೆ ಆ ಹೆಸರು ಗೊತ್ತಿರುವುದು ವೇಗದ ಬೌಲರ್ ಶ್ರೀನಾಥ್ ಅವರಿಂದ, ದೇವಸ್ಥಾನ ನೋಡುವ ಚಾಳಿಯವರಿಗೆ ಹೊಯ್ಸಳರ ಲಕ್ಷ್ಮೀನರಸಿಂಹನಿಂದ. ಊರಿನವನೆಂದು ಗೊತ್ತಾದರೆ ಮನೆಯವರು ಸಹಿ ಹಾಕುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. “ಗಂಟ್ಲು ಕುಯ್ದ್ರೆ ಆಮೇಲೆ ಮಾತು ಬರ್ತೈತಾ ಸಾರ್?” ಧ್ವನಿಪೆಟ್ಟಿಗೆಯನ್ನು ನಾವು ಮುಟ್ಟುವುದೇ ಇಲ್ಲ, ಅದರ ಕೆಳಗೆ ಶ್ವಾಸನಾಳದಲ್ಲಿ ದಾರಿ ಮಾಡುತ್ತೇವೆ, ಗಾಳಿ ಮೇಲಕ್ಕೆ ಹೋಗದಿರುವುದರಿಂದ ಸದ್ಯಕ್ಕೆ ಮಾತು ನಿಲ್ಲುತ್ತದೆ ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸುತ್ತೇನೆ. ಚಿತ್ರವಿಲ್ಲದೆ ಹೇಳಿದರೆ ಯಾರೂ ನಂಬುವುದಿಲ್ಲ.

ಪಾಠದ ಪ್ರಕಾರ ಭುಜದ ಕೆಳಗೆ ದಿಂಬಿಟ್ಟು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಬೇಕು. ಆಗ ಶ್ವಾಸನಾಳ ಮೇಲಕ್ಕೆದ್ದು ಚರ್ಮದ ಹತ್ತಿರ ಬರುತ್ತದೆ. ಮರದಿಂದ ಬಿದ್ದವರಲ್ಲಿ ಅದೇ ಆಗದು. ತಲೆಯ ಎರಡೂ ಕಡೆ ಒಬ್ಬರು ಕೈ ಕೊಟ್ಟು ನೇರವಾಗಿ ಹಿಡಿದಿರುತ್ತಾರೆ, ನಾಳ ಆಳದಲ್ಲೇ ಉಳಿದಿರುತ್ತದೆ. ಬೆರಳೇ ಕಣ್ಣಾಗಬೇಕು. ಧ್ವನಿಪೆಟ್ಟಿಗೆಯ ಬುಡದ ಕ್ರೈಕಾಯ್ಡ್ ಮೃದ್ವಸ್ಥಿ ಸಿಕ್ಕಿತೆಂದರೆ ಅರ್ಧ ಕೆಲಸವಾದಂತೆ. ಅದರ ಕೆಳಗೆ ಶ್ವಾಸನಾಳದ ಒಂದೊಂದೇ ಬಳೆ ತೆಂಗಿನ ಬೊಡ್ಡೆಯ ಗೆರೆಗಳ ಹಾಗೆ ಬೆರಳಿಗೆ ಸಿಗುತ್ತ ಹೋಗುತ್ತದೆ. ಕ್ರೈಕಾಯ್ಡ್‌ಗೂ ಎದೆಮೂಳೆಯ ಮೇಲಿನ ಗುಳಿಗೂ ನಡುವೆ ಚರ್ಮದ ಮೇಲೆ ಅಡ್ಡ ಗಾಯ, ನಡುಗೆರೆಯಲ್ಲಿ ಸ್ನಾಯುಗಳನ್ನು ಬಿಡಿಸುವುದು, ಥೈರಾಯ್ಡ್‌ನ ಸೇತುವೆ ಅಡ್ಡ ಬಂದರೆ ಮೇಲಕ್ಕೆ ಸರಿಸುವುದು ಅಥವಾ ಎರಡೂ ಕಡೆ ಕಟ್ಟಿ ಕತ್ತರಿಸುವುದು. ನಡುಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ರಕ್ತನಾಳಗಳು ಕಾದಿರುತ್ತವೆ. ತೀರ ಕೆಳಗಿಳಿದರೆ ಎದೆಯಿಂದ ಏರುವ ದೊಡ್ಡ ಅಪಧಮನಿಯ ಭಯ.

ಮೇಲೆ ಕೊರೆದರೂ ಕಷ್ಟವೇ. ಅಮೆರಿಕದ ವೈದ್ಯ ಷೆವಲಿಯರ್ ಜಾಕ್ಸನ್ 1909ರಲ್ಲಿ ಈ ಶಸ್ತ್ರಕ್ರಿಯೆಗೆ ಒಂದು ಕ್ರಮ ತಂದರು. ಎತ್ತರದಲ್ಲಿ, ಅಂದರೆ ಕ್ರೈಕಾಯ್ಡ್‌ಗೆ ತಾಗಿದಂತೆ ಕೊರೆದವರಲ್ಲಿ ಆಮೇಲೆ ಉಸಿರ ದಾರಿ ಗಾಯದ ಗುರುತಿನಿಂದ ಕಿರಿದಾಗುತ್ತದೆಂದು 1921ರಲ್ಲಿ ಎಚ್ಚರಿಸಿದರು. ಎರಡನೆಯ, ಮೂರನೆಯ ಬಳೆಗಳ ಆಸುಪಾಸಿನಲ್ಲೇ ತೆರೆಯಬೇಕೆಂಬ ಹಟ ಅಲ್ಲಿಂದ ಬಂದದ್ದು. ತೆರೆಯುವ ಗಳಿಗೆಯಲ್ಲಿ ಸುಟ್ಟು ಕತ್ತರಿಸುವ ಕಾಟರಿ ಬೇಡ, ನಾಳದೊಳಗೆ ಆಮ್ಲಜನಕವಿದೆ, ಹೊತ್ತಿಕೊಳ್ಳುತ್ತದೆ. ಅರಿವಳಿಕೆಯವರು ಬಾಯಿಯ ಕೊಳವೆಯನ್ನು ನಿಧಾನವಾಗಿ ಮೇಲಕ್ಕೆ ಎಳೆದು ನನ್ನ ತೂತಿನ ಅಂಚಿಗೆ ತಂದು ನಿಲ್ಲಿಸುತ್ತಾರೆ. ಹೊಸ ಕೊಳವೆ ಒಳಗೆ ಕೂತು, ಇಂಗಾಲದ ಡೈಆಕ್ಸೈಡ್‌ನ ಗೆರೆ ಪರದೆಯ ಮೇಲೆ ಮೂಡುವವರೆಗೆ ಅವರು ಅದನ್ನು ಪೂರ್ತಿ ತೆಗೆಯುವುದಿಲ್ಲ. ಆ ಕೆಲವು ಕ್ಷಣ ಕೋಣೆಯಲ್ಲಿ ಯಾರೂ ಮಾತಾಡದಿದ್ದರೇ ವಾಸಿ.

ಈಗ ಐಸಿಯುಗಳಲ್ಲಿ ಬೇರೆ ದಾರಿಯೂ ಇದೆ. 1985ರಲ್ಲಿ ಚಾಲಿಯಾ ಎಂಬ ವೈದ್ಯರು ಹೇಳಿಕೊಟ್ಟದ್ದು: ನಾಳಕ್ಕೆ ಸೂಜಿ ಚುಚ್ಚಿ, ತಂತಿ ಇಳಿಸಿ, ಅದರ ಮೇಲೆ ದಾರಿಯನ್ನು ಹಿಗ್ಗಿಸುತ್ತ ಹೋಗಿ ಕೊಳವೆ ಕೂರಿಸುವುದು. 1990ರಲ್ಲಿ ಗ್ರಿಗ್ಸ್ ಅದಕ್ಕೆ ತಂತಿಯ ಮೇಲೆ ಜಾರುವ ಇಕ್ಕಳ ಕೊಟ್ಟರು. ಬಾಯಿಯಿಂದ ಬ್ರಾಂಕೋಸ್ಕೋಪ್ ಹಾಕಿ ಒಳಗಿನಿಂದ ನೋಡುತ್ತ ಮಾಡಿದರೆ ಒಳ್ಳೆಯ ವಿಧಾನ. ಹಾಸಿಗೆಯಿಂದ ಓಟಿಗೆ ಸಾಗಿಸುವ ಗೋಜಿಲ್ಲ, ಗಾಯ ಚಿಕ್ಕದು. ಮೂಳೆಯವರು ಕುತ್ತಿಗೆಯ ಮುಂದಿನಿಂದ ಪ್ಲೇಟ್ ಹಾಕಿದ್ದರೆ, ಆ ಗಾಯಕ್ಕೆ ಕಫ ಹರಿಯದಿರಲಿ ಎಂದು ನಾನೂ ಇದನ್ನೇ ಬಯಸುತ್ತೇನೆ. ಆದರೆ ಹಿಗ್ಗಿಸಿದ ದಾರಿ ಬೇಗ ಮುಚ್ಚಿಕೊಳ್ಳುತ್ತದೆ. ಮೊದಲ ವಾರದಲ್ಲಿ ಕೊಳವೆ ಜಾರಿದರೆ ಮತ್ತೆ ಹಾಕಲು ದಾರಿಯೇ ಸಿಗದೆ ಕೈ ನಡುಗುತ್ತದೆ. ತೆರೆದು ಮಾಡಿದ ಶಸ್ತ್ರಕ್ರಿಯೆಯಲ್ಲಿ ನಾಳದ ಎರಡು ಅಂಚಿಗೂ ದಾರ ಹೊಲಿದು ಎದೆಯ ಮೇಲೆ ಅಂಟಿಸಿಡಬಹುದು, ಜಾರಿದರೆ ದಾರ ಎಳೆದಾಗ ಬಾಗಿಲು ತೆರೆಯುತ್ತದೆ. ಚಿಕ್ಕ ಮಕ್ಕಳಿಗಂತೂ ಈ ದಾರವನ್ನು ನಾನು ಬಿಡುವುದೇ ಇಲ್ಲ. ಮಕ್ಕಳಲ್ಲಿ ಬಳೆಯ ಚೂರನ್ನು ಕತ್ತರಿಸಿ ತೆಗೆಯುವುದೂ ಇಲ್ಲ, ಉದ್ದಕ್ಕೆ ಒಂದು ಸೀಳು ಸಾಕು.

ಇಷ್ಟನ್ನೂ ಕಲಿತದ್ದು ದೊಡ್ಡ ಆಸ್ಪತ್ರೆಯಲ್ಲಿ. ಯಾವ ಕೊಳವೆ ಎಂಬುದನ್ನು ಕಲಿಸಿದ್ದು ನಮ್ಮ ಕಡೆಯ ಮನೆಗಳು. ವೆಂಟಿಲೇಟರ್ ಇರುವವರೆಗೆ ಗಾಳಿ ತುಂಬಿದ ಪುಟ್ಟ ಬಲೂನು, ಅಂದರೆ ಕಫ್, ಇರುವ ಪಿವಿಸಿ ಕೊಳವೆ ಬೇಕೇ ಬೇಕು. ಕಫ್‌ನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿದ್ದರೆ ಸಾಕು, ಹೆಚ್ಚಾದರೆ ನಾಳದ ಒಳಪದರ ಸಾಯುತ್ತದೆ. ಯಂತ್ರ ಬಿಟ್ಟು ರೋಗಿ ಊರಿಗೆ ಹೊರಟಾಗ ಲೆಕ್ಕ ಬದಲಾಗುತ್ತದೆ. ಒಳಕೊಳವೆ ಇಲ್ಲದ ಪಿವಿಸಿಯಲ್ಲಿ ಕಫ ಗಟ್ಟಿಯಾಗಿ ಕಟ್ಟಿದರೆ ಪೂರ್ತಿ ಕೊಳವೆ ಕೀಳಬೇಕು, ಆ ಧೈರ್ಯ ರಾತ್ರಿ ಎರಡು ಗಂಟೆಗೆ ಯಾರಿಗಿದೆ? ಹಳೆಯ ಕಾಲದ್ದೆಂದು ಯುವ ವೈದ್ಯರು ಮೂಗು ಮುರಿಯುವ ಫುಲ್ಲರ್ ಲೋಹದ ಕೊಳವೆ ಅಲ್ಲಿ ಕೈ ಹಿಡಿಯುತ್ತದೆ. ಹೊರಗಿನದು ಹಾಗೇ ಇರುತ್ತದೆ, ಒಳಗಿನದನ್ನು ಮನೆಯವರೇ ಎಳೆದು, ಬ್ರಷ್ ಹಾಕಿ ತೊಳೆದು, ಕುದಿಸಿ, ಆರಿದ ಮೇಲೆ ಮತ್ತೆ ಹಾಕುತ್ತಾರೆ. ಒಳಕೊಳವೆಯ ಬೆನ್ನಿಗೆ ತೂತಿರುವುದರಿಂದ ಬೆರಳಿಂದ ಕೊಳವೆಯ ಬಾಯಿ ಮುಚ್ಚಿಕೊಂಡರೆ ಮಾತು ಹೊರಡುತ್ತದೆ. ಕಫ್ ಇಲ್ಲ ಎಂಬುದೇ ಅದರ ಕೊರತೆ. ಅನ್ನ-ನೀರು ಉಸಿರ ದಾರಿಗೆ ಜಾರುವ ರೋಗಿಗೆ ಅದು ಸಲ್ಲದು. ಕ್ಯಾನ್ಸರ್‌ಗೆ ಕುತ್ತಿಗೆಯ ಮೇಲೆ ವಿಕಿರಣ ಕೊಡುವಾಗಲೂ ಲೋಹ ತೆಗೆದು ಪಿವಿಸಿ ಹಾಕಬೇಕು.

ಆದ್ದರಿಂದ ಶಸ್ತ್ರಕ್ರಿಯೆಗೆ ಮೊದಲೇ ಮನೆಯ ವಿಚಾರ ಕೇಳುವುದು ನನಗೆ ರೂಢಿಯಾಗಿದೆ. ಸೌದೆ ಒಲೆಯೋ, ಗ್ಯಾಸೋ? ಕರೆಂಟ್ ಎಷ್ಟು ಹೊತ್ತು? ಹೋಗುತ್ತಲೇ ಇರುತ್ತದೆ ಎಂದರೆ ಕಾಲಲ್ಲಿ ಒತ್ತುವ ಸಕ್ಷನ್ ಯಂತ್ರವನ್ನೇ ಬರೆದುಕೊಡುತ್ತೇನೆ. ಹಗಲೆಲ್ಲ ಜೊತೆಗಿರುವವರು ಯಾರು? ಗಂಡಸರು ‘ನಾನಿದ್ದೀನಿ’ ಎಂದು ಮುಂದೆ ಬರುತ್ತಾರೆ, ವಾರ್ಡಿನಲ್ಲಿ ಕಲಿಯಲು ಕೂರುವವರು ಹೆಂಡತಿಯೋ ಸೊಸೆಯೋ. ಅವರ ಕೈಯಿಂದಲೇ ಒಳಕೊಳವೆ ತೆಗೆದು ಹಾಕಿಸಿ ನೋಡದೆ ನಾನು ಡಿಸ್ಚಾರ್ಜ್ ಬರೆಯುವುದಿಲ್ಲ. ಹಾಸಿಗೆ ಬೇಕು ಎಂದು ಆಡಳಿತದವರು ಎಷ್ಟು ಕೂಗಿದರೂ ಸರಿ.

ಹಾಗೆ ಕಲಿತ ಒಬ್ಬರ ಮನೆಗೆ ಊರಿಗೆ ಹೋದಾಗ ಹೊಕ್ಕಿದ್ದೆ. ಗಂಡನ ಕೊಳವೆಯ ಮೇಲೆ ಒದ್ದೆ ಗಾಜ್ ಬಟ್ಟೆ ನೀಟಾಗಿ ಇಳಿಬಿಟ್ಟಿತ್ತು. ಮೂಗು ಮಾಡುತ್ತಿದ್ದ ಕೆಲಸವನ್ನು, ಅಂದರೆ ಗಾಳಿಯನ್ನು ಒದ್ದೆ ಮಾಡಿ ಸೋಸುವುದನ್ನು, ಈಗ ಆ ಬಟ್ಟೆ ಮಾಡಬೇಕು. ಕೊಳವೆ ಕುದಿಸಲು ಬೇರೆಯೇ ಪಾತ್ರೆ ಇಟ್ಟಿದ್ದರು, ಅದರಲ್ಲಿ ಯಾರೂ ಕಾಫಿಗೆ ನೀರಿಡದಂತೆ ಹಿಡಿಗೆ ಕೆಂಪು ದಾರ ಕಟ್ಟಿದ್ದರು. ನನ್ನ ಪಟ್ಟಿಯಲ್ಲಿ ಅದಿರಲಿಲ್ಲ. ಈಗ ಎಲ್ಲರಿಗೂ ಹೇಳುತ್ತೇನೆ. ಆಕೆಗೆ ಕೇಳಲು ಒಂದೇ ಮಾತಿತ್ತು: “ಇಡೀ ದಿನ ಒಬ್ರೇ ಒಳಗೆ ಕೂತು ಬೇಜಾರು ಮಾಡ್ಕತಾರೆ ಸಾರ್, ಕಾಯಿ ಸುಲಿಯೋ ಕಡೆ ಕೂರಿಸ್ಲಾ?” ನಾರಿನ ಧೂಳು ನೇರ ಎದೆಗೇ ಹೋಗುತ್ತದೆ, ಅಲ್ಲಿ ಬೇಡ ಎಂದೆ. ಹಿತ್ತಲಿನ ಆಚೆ ಬದಿಗೆ, ಗಾಳಿ ಬರುವ ದಿಕ್ಕಿಗೆ ಕುರ್ಚಿ ಹಾಕಿದರೆ ಸುಲಿಯುವವರೂ ಕಾಣುತ್ತಾರೆ, ಧೂಳೂ ಬರುವುದಿಲ್ಲ. ಆತ ಬೆರಳಿಂದ ಕೊಳವೆ ಮುಚ್ಚಿಕೊಂಡು, ಸುಲಿಯುವವರ ಲೆಕ್ಕ ಯಾವಾಗಲೂ ತಪ್ಪು, ಹತ್ತಿರ ಕೂರಲೇಬೇಕು ಎಂದ.