ಮೊದಲು ಕಂಡದ್ದೆಲ್ಲ ಸರಿಯಲ್ಲ
(ಸಂಘದ ಸಭೆಗೆ ಈ ತಿಂಗಳ ಪಾಠ)

ಉದ್ದೇಶ: ಮೊಬೈಲಿನಲ್ಲಿ ಹುಡುಕಿದಾಗ ಸಿಗುವ ಮಾಹಿತಿ ಯಾರದ್ದು ಎಂದು ಗುರುತಿಸಲು ಕಲಿಯುವುದು.



ಸಂಘ ಸೇರಿದ ಹೊಸತರಲ್ಲಿ ನಾವು ಸಹಿ ಹಾಕಲು ಕಲಿತೆವು, ಬ್ಯಾಂಕಿನ ಚಲನ್ ತುಂಬಲು ಕಲಿತೆವು. ಈಗ ಕೈಯಲ್ಲಿ ಮೊಬೈಲ್ ಇದೆ. ಪಿಂಚಣಿ, ಪಾಸ್‌ಪೋರ್ಟ್, ಗ್ಯಾಸ್, ಮಕ್ಕಳ ವಿದ್ಯಾರ್ಥಿವೇತನ, ಏನು ಬೇಕಾದರೂ "ಗೂಗಲ್‌ನಲ್ಲಿ ನೋಡಿದ್ರೆ ಆಯ್ತು" ಅನ್ನುತ್ತೇವೆ. ನೋಡುವುದು ತಪ್ಪಲ್ಲ. ಆದರೆ ಮೊದಲು ಕಂಡದ್ದನ್ನೇ ನಂಬಿ ಮುಂದುವರಿದರೆ, ವರ್ಷಗಟ್ಟಲೆ ಕೂಡಿಟ್ಟ ಉಳಿತಾಯ ಐದು ನಿಮಿಷದಲ್ಲಿ ಹೋಗಬಹುದು.

ಗೂಗಲ್ ಏನು ಮಾಡುತ್ತದೆ?

1998ರಲ್ಲಿ ಅಮೆರಿಕದಲ್ಲಿ ಶುರುವಾದ ಗೂಗಲ್ ಒಂದು ಖಾಸಗಿ ಕಂಪನಿ. ಬೇರೆಯವರು ಬರೆದಿಟ್ಟ ಪುಟಗಳನ್ನು ಅದು ಪಟ್ಟಿ ಮಾಡಿಟ್ಟುಕೊಂಡು, ನಾವು ಕೇಳಿದ ಮಾತಿಗೆ ಹೊಂದುವಂಥದ್ದನ್ನು ತೋರಿಸುತ್ತದೆ. ಮನೆಯ ದಾರಿ ತೋರಿಸುವುದಷ್ಟೇ ಅದರ ಕೆಲಸ. ಮನೆಯವರು ಎಂಥವರು ಎಂದು ಜಾಮೀನು ಕೊಡುವುದಿಲ್ಲ. "ಪ್ರಾಯೋಜಿತ" ಎಂದು ಬರೆದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು.

ಈಚೆಗೆ ಪಟ್ಟಿಯ ಮೇಲುಗಡೆ ಕೃತಕ ಬುದ್ಧಿಮತ್ತೆ ತಯಾರಿಸಿದ ಉತ್ತರವೂ ಬರುತ್ತದೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇಂಥ ಒಂದು ಉತ್ತರ, ಪಿಜ್ಜಾದ ಮೇಲೆ ಚೀಸ್ ನಿಲ್ಲದಿದ್ದರೆ ಸಾಸ್‌ಗೆ ಗೋಂದು ಬೆರೆಸಿ ಎಂದಿತ್ತು! ಯಾರೋ ಹಿಂದೆ ತಮಾಷೆಗೆ ಬರೆದದ್ದನ್ನು ಅದು ಎತ್ತಿಕೊಂಡಿತ್ತು. ಗೋಂದನ್ನು ಯಾರೂ ತಿನ್ನಲಿಕ್ಕಿಲ್ಲ. ಆದರೆ ಮಗುವಿಗೆ ಎಷ್ಟು ಔಷಧಿ ಕೊಡಬೇಕು ಎಂಬ ಪ್ರಶ್ನೆಗೆ ತಪ್ಪು ಉತ್ತರ ಬಂದರೆ ನಮಗೆ ಗೊತ್ತಾಗುವುದು ಹೇಗೆ?

ಮೋಸ ನಡೆಯುವ ಬಗೆ

ಮೊಬೈಲಿನಲ್ಲಿ ಹಣ ಕಳಿಸಿದೆವು. ಖಾತೆಯಿಂದ ಹೋಯಿತು, ಆ ಕಡೆ ಸೇರಲಿಲ್ಲ. ಗಾಬರಿಯಲ್ಲಿ "ಕಸ್ಟಮರ್ ಕೇರ್ ನಂಬರ್" ಎಂದು ಹುಡುಕುತ್ತೇವೆ. ಮೋಸಗಾರರು ಬ್ಯಾಂಕಿನ ಹೆಸರು ಹಾಕಿ ತಮ್ಮ ನಂಬರನ್ನೇ ಅಲ್ಲಿ ಬಿಟ್ಟಿರುತ್ತಾರೆ. ನಾವೇ ಫೋನ್ ಮಾಡಿದ್ದರಿಂದ ಸಂಶಯವೂ ಬರುವುದಿಲ್ಲ. "ಅಮ್ಮಾ, ದುಡ್ಡು ವಾಪಸ್ ಹಾಕ್ತೇವೆ, ಈ ಆ್ಯಪ್ ಹಾಕ್ಕೊಳ್ಳಿ, ಪಿನ್ ಒತ್ತಿ" ಅನ್ನುತ್ತಾರೆ. ಆ ಆ್ಯಪ್‌ನಿಂದ ನಮ್ಮ ಮೊಬೈಲಿನ ಪರದೆ ಅವರಿಗೆ ಕಾಣುತ್ತದೆ. ನೆನಪಿಡಿ: ದುಡ್ಡು ನಮಗೆ ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ.

ನಾಲ್ಕು ಅಭ್ಯಾಸಗಳು

1. ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಎಟಿಎಂ ಕಾರ್ಡಿನ ಹಿಂಬದಿ, ಪಾಸ್‌ಬುಕ್, ಗ್ಯಾಸ್ ಪುಸ್ತಕ ನೋಡಿ.

2. ಬಸ್ಸು ಹತ್ತುವ ಮೊದಲು ಬೋರ್ಡು ಓದುವ ಹಾಗೆ, ಪುಟದ ವಿಳಾಸ ಓದಿ. ಪಾಸ್‌ಪೋರ್ಟ್ ಅರ್ಜಿಗೆ ಸರಿಯಾದ ತಾಣ "ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಜಿಓವಿ ಡಾಟ್ ಇನ್". ಇದರ ನಕಲಿ ತಾಣಗಳ ಬಗ್ಗೆ ಸರಕಾರವೇ ಎಚ್ಚರಿಸಿದೆ. "ಡಾಟ್ ಜಿಓವಿ ಡಾಟ್ ಇನ್" ಸಿಗುವುದು ಸರಕಾರಿ ಸಂಸ್ಥೆಗಳಿಗೆ ಮಾತ್ರ. ತಾಣದ ಹೆಸರು ಹಾಗೆಯೇ ಮುಗಿಯಬೇಕು. ನಡುವೆ ಎಲ್ಲೋ "ಜಿಓವಿ" ಇದ್ದರೆ ಸಾಲದು. ಬ್ಯಾಂಕುಗಳು "ಡಾಟ್ ಬ್ಯಾಂಕ್ ಡಾಟ್ ಇನ್" ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಅದನ್ನೂ ಗಮನಿಸಿ.

3. ಇನ್ನೊಂದು ಕಡೆ ವಿಚಾರಿಸಿ. ಆರೋಗ್ಯದ ವಿಷಯ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಯೋಜನೆಗಳ ವಿಷಯ ಪಂಚಾಯತಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ. ಪುಟದ ದಿನಾಂಕವನ್ನೂ ನೋಡಿ. ಮುಗಿದುಹೋದ ಯೋಜನೆಯ ಸುದ್ದಿ ಈಗಲೂ ಕಾಣಿಸುತ್ತಿರಬಹುದು.

4. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮನೆಯವರು ಬೈಯುತ್ತಾರೆಂದು ಹೆದರಿ ಸುಮ್ಮನಿರಬೇಡಿ. ತಪ್ಪು ಮೋಸ ಮಾಡಿದವರದ್ದು.

ಚರ್ಚೆಗೆ

* ಕಳೆದ ವಾರ ಮೊಬೈಲಿನಲ್ಲಿ ಏನು ಹುಡುಕಿದೆವು? ಉತ್ತರ ಕೊಟ್ಟವರು ಯಾರು ಎಂದು ನೋಡಿದೆವೇ?
* ಓದು ಬಾರದ ಸದಸ್ಯರಿಗೆ ಯಾರು ಸಹಾಯ ಮಾಡಬಹುದು?

ಮಾಡಬೇಕಾದ ಕೆಲಸ: ಸಂಘದ ನಿರ್ಣಯ ಪುಸ್ತಕದ ಹಿಂಬದಿಯಲ್ಲಿ ನಮ್ಮ ಬ್ಯಾಂಕ್ ಶಾಖೆಯ ನಂಬರ್ ಮತ್ತು 1930 ದೊಡ್ಡ ಅಕ್ಷರದಲ್ಲಿ ಬರೆದಿಡೋಣ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಈ ಪಾಠವನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿಕೊಟ್ಟು ಬರೋಣ.